ಮೊನೆ ಮನೇಲಿ ಮೊನೆ ಚಿತ್ರ ಇಲ್ಲ ಸ್ವಾಮಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ಜಿವರ್ನಿ ಬಗ್ಗೆ, ಅಂದ್ರೆ ಕ್ಲಾಡ್ ಮೊನೆ ಅನ್ನೋ ಚಿತ್ರಕಾರನ ತೋಟದ ಬಗ್ಗೆ ಒಂದು ಪ್ರವಾಸ ಲೇಖನ ಬಂದಿತ್ತು. ಫೋಟೋಗಳು ಚೆನ್ನಾಗಿದ್ವು, ಬರೆದವರು ಖುಷಿಪಟ್ಟು ಬರೆದಿದ್ದಾರೆ ಅನ್ನೋದೂ ಗೊತ್ತಾಗುತ್ತೆ, ಅದರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಕೊನೆಕೊನೆಗೆ, ಮೊನೆ ಮನೆ ಗೋಡೆ ಮೇಲೆ ಅವನ ಅಸಲಿ ಪೇಂಟಿಂಗ್‌ಗಳನ್ನ ಹತ್ತಿರದಿಂದ ನೋಡಿ ಧನ್ಯರಾದ್ವಿ ಅನ್ನೋ ಅರ್ಥದ ಒಂದು ಸಾಲಿದೆ ನೋಡಿ, ಅದನ್ನ ಓದಿ ಸುಮ್ನಿರಕ್ಕಾಗ್ಲಿಲ್ಲ. ಸ್ವಾಮಿ, ಆ ಮನೇಲಿ ಮೊನೆ ಬರೆದ ಒಂದೇ ಒಂದು ಅಸಲಿ ಚಿತ್ರನೂ ಇಲ್ಲ. ಗೋಡೆ ತುಂಬ ನೇತು ಹಾಕಿರೋ ಅವನ ಚಿತ್ರಗಳೆಲ್ಲ ನಕಲು.

ಬರೆದವರನ್ನ ಆಡಿಕೊಳ್ಳೋಕೆ ಇದನ್ನ ಬರೀತಿಲ್ಲ, ಯಾಕಂದ್ರೆ ಮೊದಲ ಸಲ ಹೋದಾಗ ನಾನೂ ಹಾಗೇ ಅಂದ್ಕೊಂಡು ಬಂದೋನು. ಟೂರ್‌ನವರ ಬಸ್ಸಲ್ಲಿ ಹೋಗಿದ್ವಿ, ಮೇ ತಿಂಗಳು, ಒಂದೂವರೆ ಗಂಟೆ ಟೈಮ್ ಕೊಟ್ಟಿದ್ರು, ಅದರಲ್ಲಿ ಇಪ್ಪತ್ತು ನಿಮಿಷ ಟಾಯ್ಲೆಟ್ ಕ್ಯೂನಲ್ಲೇ ಹೋಯ್ತು. ಗೈಡ್ ಒಂದು ಕೊಡೆ ಎತ್ತಿ ಹಿಡ್ಕೊಂಡು ಮುಂದೆ ಮುಂದೆ, ನಾವು ಹಿಂದೆ ಹಿಂದೆ. ನೈದಿಲೆ ಕೊಳದ ಹತ್ತಿರ ಬಂದ್ರೆ ನೈದಿಲೆನೇ ಇಲ್ಲ! ಎಲೆ ಆಗಷ್ಟೇ ಮೇಲೆ ಬಂದು ತೇಲ್ತಾ ಇತ್ತು, ಹೂವಿನ ಸುಳಿವಿಲ್ಲ. ಆ ಹಸಿರು ಸೇತುವೆ ಮೇಲೆ ವಿಸ್ಟೀರಿಯಾ ಬಳ್ಳಿ ಗೊಂಚಲು ಗೊಂಚಲಾಗಿ ಇಳಿಬಿದ್ದಿತ್ತು, ಅದೇನೋ ಸೊಗಸಾಗೇ ಇತ್ತು ಅನ್ನಿ, ಆದ್ರೆ ಮೊನೆ ಚಿತ್ರಗಳಿಂದಾಗಿ ಜಗತ್ತೇ ಕೊಂಡಾಡೋ ನೈದಿಲೆ ನೋಡೋಕೆ ಅಷ್ಟು ದೂರ ಹೋದೋರಿಗೆ ಅದು ಜೂನ್ ಕೊನೆ ಜುಲೈ ಬರೋ ತನಕ ಸರಿಯಾಗಿ ಅರಳಲ್ಲ ಅಂತ ಒಬ್ರೂ ಹೇಳಿರ್ಲಿಲ್ಲ. ನಿಮ್ಮ ಲೇಖನದಲ್ಲೂ ಹೇಳಿಲ್ಲ. ಟುಲಿಪ್ ಬೇಕಂದ್ರೆ ಏಪ್ರಿಲ್, ಐರಿಸ್ ಮತ್ತೆ ವಿಸ್ಟೀರಿಯಾ ಬೇಕಂದ್ರೆ ಮೇ, ನೈದಿಲೆ ಬೇಕಂದ್ರೆ ಜುಲೈನಿಂದ ಸೆಪ್ಟೆಂಬರ್. ಎಲ್ಲ ಒಂದೇ ಸಲ ಸಿಗಲ್ಲ, ಕ್ಯಾಲೆಂಡರಿನ ಚಿತ್ರ ನೋಡಿ ಮೋಸಹೋಗ್ಬೇಡಿ. ಏಪ್ರಿಲ್ 1ರಿಂದ ನವೆಂಬರ್ 1ರ ತನಕ ಮಾತ್ರ ತೆರೆದಿರುತ್ತೆ ಅನ್ನೋದೂ ನೆನಪಿರ್ಲಿ, ಚಳಿಗಾಲದಲ್ಲಿ ಹೋದ್ರೆ ಗೇಟ್ ನೋಡ್ಕೊಂಡು ವಾಪಸ್ ಬರಬೇಕು.

ಸರಿ, ಅಸಲಿ ಚಿತ್ರಗಳೆಲ್ಲ ಎಲ್ಲಿ ಹೋದ್ವು? ಮೊನೆ 1926ರ ಡಿಸೆಂಬರ್ 5ರಂದು ಇದೇ ಮನೇಲಿ ತೀರಿಕೊಂಡ, 86 ವರ್ಷ ಆಗಿತ್ತು. ಆಮೇಲೆ ಆಸ್ತಿಯೆಲ್ಲ ಮಗ ಮಿಶೆಲ್‌ಗೆ ಬಂತು, ಆದ್ರೆ ಅವನು ಅಲ್ಲಿರ್ಲಿಲ್ಲ, ಮೊನೆಯ ಮಲಮಗಳೂ ಹೌದು, ಅವನ ದೊಡ್ಡ ಮಗನನ್ನ ಮದುವೆಯಾಗಿ ಸೊಸೆಯೂ ಹೌದು ಅನ್ನಬೇಕಾದ ಬ್ಲಾಂಶ್ ಅನ್ನೋಳು (ಈಕೆನೂ ಚಿತ್ರ ಬರೀತಿದ್ಲು, ಈಕೆ ಮಾತು ಆಮೇಲೆ ಬರುತ್ತೆ) 1947ರಲ್ಲಿ ಸಾಯೋ ತನಕ ಮನೆ ತೋಟ ನೋಡ್ಕೊಂಡ್ಲು. ಅಲ್ಲಿಂದಾಚೆಗೆ ಹಾಳುಬಿತ್ತು. 1966ರಲ್ಲಿ ಮಿಶೆಲ್ ಕಾರ್ ಆಕ್ಸಿಡೆಂಟಲ್ಲಿ ಹೋದ, ಮಕ್ಕಳಿರ್ಲಿಲ್ಲ, ಎಲ್ಲವನ್ನೂ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಬರೆದಿಟ್ಟಿದ್ದ. ಅಕಾಡೆಮಿ ಮನೆ ತೋಟ ಇಟ್ಕೊಂಡು, ಚಿತ್ರಗಳನ್ನ ಪ್ಯಾರಿಸ್‌ನಲ್ಲಿ ತನ್ನದೇ ಆದ ಮಾರ್ಮೊತಾಂ ಮ್ಯೂಸಿಯಂಗೆ ಸೇರಿಸ್ತು. ಹಾಗಾಗಿ ತೋಟ ಒಂದು ಕಡೆ, ಆ ತೋಟ ನೋಡಿ ಬರೆದ ಚಿತ್ರ ಎಂಬತ್ತು ಕಿಲೋಮೀಟರ್ ಆಚೆ. ಒಂದನ್ನ ನೋಡಿ ಇನ್ನೊಂದನ್ನ ಬಿಟ್ಟು ಬಂದ್ರೆ ಮದುವೆಗೆ ಹೋಗಿ ಗಂಡನ್ನ ಮಾತ್ರ ನೋಡಿ ಬಂದ ಹಾಗೆ.

ಮನೆ ಎಷ್ಟು ಹಾಳಾಗಿತ್ತು ಅಂದ್ರೆ, 1977ರಲ್ಲಿ ಜೆರಾಲ್ಡ್ ವಾನ್ ಡೆರ್ ಕೆಂಪ್ ಅನ್ನೋರು ರಿಪೇರಿಗೆ ಕೈಹಾಕಿದಾಗ ನೆಲ, ತೊಲೆ ಎಲ್ಲ ಕೊಳೆತುಹೋಗಿ, ಮೆಟ್ಟಿಲು ಕುಸಿದಿತ್ತಂತೆ, ಯುದ್ಧದ ಬಾಂಬಿಗೆ ಗಾಜಿನ ಮನೆಯ ಗಾಜೆಲ್ಲ ಪುಡಿಪುಡಿ, ದೊಡ್ಡ ಸ್ಟುಡಿಯೋ ಒಳಗೆ ಮೂರು ಮರ ಬೆಳೆದಿದ್ವಂತೆ. ಸೇತುವೆನ ಹೊಸದಾಗೇ ಕಟ್ಟಬೇಕಾಯ್ತು. ದುಡ್ಡು ಹೆಚ್ಚಾಗಿ ಬಂದಿದ್ದು ಅಮೆರಿಕದ ದಾನಿಗಳಿಂದ. 1980ರಲ್ಲಿ ಜನರಿಗೆ ತೆರೆದ್ರು. ಆ ಮರ ಬೆಳೆದಿದ್ದ ದೊಡ್ಡ ಸ್ಟುಡಿಯೋ ಇದೆಯಲ್ಲ, ಮೊನೆ ತನ್ನ ಅತಿ ದೊಡ್ಡ ನೈದಿಲೆ ಚಿತ್ರಗಳಿಗೋಸ್ಕರನೇ ಮೊದಲ ಮಹಾಯುದ್ಧದ ಹೊತ್ತಲ್ಲಿ ಕಟ್ಟಿಸಿಕೊಂಡಿದ್ದು, ಅದು ಈಗ ಏನಾಗಿದೆ ಗೊತ್ತಾ? ಅಂಗಡಿ. ಕಪ್ಪು, ಬ್ಯಾಗು, ಸ್ಕಾರ್ಫು, ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ಟು. ಮೊದಲ ಸಲ ನಾನೂ ಅಲ್ಲೇ ನಿಂತು ಒಂದು ಮ್ಯಾಗ್ನೆಟ್ಟಿಗೆ ಚೌಕಾಸಿ ಮಾಡ್ತಿದ್ದೆ, ಎಲ್ಲಿ ನಿಂತಿದೀನಿ ಅಂತ ತಲೆ ಎತ್ತಿ ಕೂಡ ನೋಡ್ಲಿಲ್ಲ. ಎರಡನೇ ಸಲ ಹೋದಾಗ ಮೇಲೆ ನೋಡ್ದೆ, ಚಾವಣಿ ತುಂಬ ಗಾಜು, ಬೆಳಕು ಸಮನಾಗಿ ಬೀಳಲಿ ಅಂತ.

ಎರಡನೇ ಸಲ ಹೋಗಿದ್ದು ಮೂರು ವರ್ಷ ಆದ್ಮೇಲೆ. ಮಗಳು ಪ್ಯಾರಿಸ್‌ನಲ್ಲಿ ಓದ್ತಿದ್ಲು, ಸೆಪ್ಟೆಂಬರಲ್ಲಿ ನಾನು ನನ್ನ ಹೆಂಡ್ತಿ ಹೋದ್ವಿ. ಈ ಸಲ ಟೂರ್ ಬೇಡಪ್ಪಾ, ನಾವೇ ಹೋಗೋಣ ಅಂದ್ಲು ಮಗಳು. ಇನ್ನೊಂದು ವಿಷಯ ಹೇಳ್ಬೇಕು, ಅದೇ ಈ ಪತ್ರ ಉದ್ದ ಆಗೋಕೆ ಕಾರಣ. ಈ ಎರಡು ಪ್ರವಾಸದ ಮಧ್ಯೆ ನನಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿಗೆ ಆಪರೇಷನ್ ಆಗಿ, ಎಡಗಣ್ಣಿಂದು ವಾಪಸ್ ಬಂದ ಮೇಲೆ ಮಾಡಿಸೋಣ ಅಂತ ಬಾಕಿ ಇತ್ತು. ಆಪರೇಷನ್ ಆದ ಮಾರನೇ ದಿನ ಪಟ್ಟಿ ಬಿಚ್ಚಿದಾಗ ಡಾಕ್ಟರ್ ಹಾಕ್ಕೊಂಡಿದ್ದ ಕೋಟ್ ನೋಡಿ ನನಗೆ ನಿಜವಾಗ್ಲೂ ಭಯ ಆಯ್ತು, ಅಷ್ಟು ಬಿಳಿ, ಬಿಳಿ ಅಂದ್ರೆ ನೀಲಿ ಹಾಕಿ ಒಗೆದ ಬಿಳಿ. ಎಡಗಣ್ಣಲ್ಲಿ ಅದೇ ಕೋಟು ಹಳೇ ಪೇಪರ್ ಥರ ಹಳದಿ. ಇಷ್ಟು ವರ್ಷ ನಾನು ಹಳದಿ ಲೋಕದಲ್ಲಿ ಇದ್ದೆ, ನನಗೇ ಗೊತ್ತಿರ್ಲಿಲ್ಲ.

ಇದನ್ನ ಮನಸ್ಸಲ್ಲಿಟ್ಕೊಳ್ಳಿ, ತೋಟಕ್ಕೆ ಹೋಗೋಣ.

ಪ್ಯಾರಿಸ್‌ನ ಸ್ಯಾಂ-ಲಜಾರ್ ಸ್ಟೇಷನ್ನಿಂದ ಟ್ರೈನ್. ಈ ಸ್ಟೇಷನ್ನನ್ನೇ ಮೊನೆ 1877ರಲ್ಲಿ ಹನ್ನೆರಡು ಸಲ ಬರೆದಿದ್ದಾನೆ, ಹೊಗೆ, ಗಾಜಿನ ಚಾವಣಿ, ಇಂಜಿನ್ನು. ಹಾಗಾಗಿ ಪ್ರವಾಸ ಇಲ್ಲಿಂದಲೇ ಶುರು ಅಂತ ಲೆಕ್ಕ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಒಳಗೆ ವೆರ್ನೋ ಅನ್ನೋ ಊರು ಬರುತ್ತೆ, ಟ್ರೈನಲ್ಲಿದ್ದವರೆಲ್ಲ ದಡಬಡ ಇಳಿದು ಜಿವರ್ನಿ ಬಸ್ಸಿಗೆ ಓಡ್ತಾರೆ. ಓಡ್ಬೇಡಿ. ಅಥವಾ ಹೋಗೋವಾಗ ಓಡಿ, ಬರೋವಾಗ ವೆರ್ನೋದಲ್ಲಿ ಒಂದು ಗಂಟೆ ನಿಲ್ಲಿ. ಅಲ್ಲೊಂದು ಚಿಕ್ಕ ಮ್ಯೂಸಿಯಂ ಇದೆ, ಈಗ ಅದಕ್ಕೆ ಅದೇ ಬ್ಲಾಂಶ್ ಹೆಸರಿಟ್ಟಿದ್ದಾರೆ. ಅದರೊಳಗೆ ಮೊನೆ ಕೈಯ ಅಸಲಿ ನೈದಿಲೆ ಇದೆ, 1908ರದ್ದು, ದುಂಡಗಿನ ಕ್ಯಾನ್ವಾಸು, ಮೊನೆ ತಾನೇ ಆ ಊರಿಗೆ ಕೊಟ್ಟಿದ್ದು. ಜಿವರ್ನಿಯಲ್ಲಿ ದಿನಕ್ಕೆ ಸಾವಿರಾರು ಜನ ನಕಲಿನ ಮುಂದೆ ನಿಂತು ಫೋಟೋ ತೆಗೀತಿದ್ರೆ, ಬರೀ ಐದಾರು ಕಿಲೋಮೀಟರ್ ದೂರದಲ್ಲಿ ಅಸಲಿ ಒಂದು ಸುಮ್ನೆ ಕೂತಿದೆ. ನಾವು ಹೋದಾಗ ಆ ಕೋಣೆಯಲ್ಲಿ ನಾವು ಮೂರೇ ಜನ. ಬ್ಲಾಂಶ್ ಬರೆದ ಚಿತ್ರಗಳೂ ಅಲ್ಲಿವೆ, ಮೊನೆ ಪಕ್ಕದಲ್ಲೇ ಸ್ಟ್ಯಾಂಡ್ ಇಟ್ಕೊಂಡು ಬರೀತಿದ್ದವಳು, ನನ್ನ ಹೆಂಡ್ತಿಗೆ ಅವಳದ್ದೇ ಜಾಸ್ತಿ ಹಿಡಿಸ್ತು.

ತೋಟಕ್ಕೆ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗಿಯೋಕೆ ಮೊದಲೇ ಹೋಗಿ ನಿಂತಿದ್ವಿ. ಆನ್‌ಲೈನಲ್ಲಿ ಟಿಕೆಟ್ ತಗೊಂಡಿದ್ವಿ, ತಗೊಳ್ಳಲೇಬೇಕು, ಇಲ್ದಿದ್ರೆ ಕ್ಯೂ ನೋಡಿನೇ ಸುಸ್ತಾಗುತ್ತೆ. ಒಳಗೆ ಹೋದ ತಕ್ಷಣ ಎಲ್ರೂ ಮನೆ ಕಡೆ ಹೋಗ್ತಾರೆ, ನಾವು ಉಲ್ಟಾ, ಸೀದಾ ಕೊಳದ ಕಡೆ. ಮಧ್ಯೆ ರಸ್ತೆ ಇದೆ, ಅದರ ಕೆಳಗೆ ಸುರಂಗ ದಾಟಿ ಹೋಗ್ಬೇಕು, ಮೊನೆ ಕಾಲದಲ್ಲಿ ಅಲ್ಲಿ ರೈಲು ಹಳಿನೂ ಇತ್ತು. ಕೊಳದ ಹತ್ತಿರ ಹತ್ತು ನಿಮಿಷ ನಮ್ಮನ್ನ ಬಿಟ್ರೆ ಯಾರೂ ಇರ್ಲಿಲ್ಲ. ಒಬ್ಬ ಮಾಲಿ ಚಪ್ಪಟೆ ದೋಣಿಯಲ್ಲಿ ನಿಂತು ಉದ್ದ ಕೋಲಿನ ಬಲೆಯಲ್ಲಿ ನೀರಿನ ಮೇಲಿನ ಕಸ, ಉದುರಿದ ವಿಲೋ ಎಲೆ, ಪಾಚಿ ಎಲ್ಲ ಎತ್ತಿ ಎತ್ತಿ ದೋಣಿಗೆ ಹಾಕ್ತಿದ್ದ. ಆಮೇಲೆ ಕೆಳಗೆ ಬಗ್ಗಿ, ಕಂದಿ ಹೋದ ನೈದಿಲೆ ಎಲೆಗಳನ್ನ ಕತ್ತರಿಸಿ ತೆಗೆದ, ಎಲೆಗಳ ಮಧ್ಯೆ ನೀರು ಕಾಣೋ ಹಾಗೆ ಜಾಗ ಬಿಡಿಸಿದ. ಆಗ ಗೊತ್ತಾಯ್ತು, ಆ ಖಾಲಿ ಜಾಗಕ್ಕೇ ಇಷ್ಟೆಲ್ಲ ಕಷ್ಟ. ಎಲೆ ಮುಚ್ಚಿಬಿಟ್ರೆ ಮೋಡ ಕಾಣಲ್ಲ, ಮರದ ನೆರಳು ಕಾಣಲ್ಲ. ಮೊನೆ ಕಾಲದಲ್ಲಿ ಆರೇಳು ಜನ ಮಾಲಿಗಳಿದ್ರು, ಅದರಲ್ಲಿ ಒಬ್ಬನಿಗೆ ಇದೇ ಕೆಲಸ, ದೋಣಿಯಲ್ಲಿ ಹೋಗಿ ಎಲೆ ಮೇಲಿನ ಧೂಳು ತೊಳೆಯೋದು. ಪಕ್ಕದ ರಸ್ತೆಯಲ್ಲಿ ಮೋಟಾರು ಓಡಾಡಿ ಧೂಳು ಏಳುತ್ತೆ ಅಂತ ಈ ಮಹಾನುಭಾವ ತನ್ನ ಜೇಬಿಂದ ದುಡ್ಡು ಹಾಕಿ ರಸ್ತೆಗೆ ಟಾರ್ ಹಾಕಿಸಿದ!

ಈ ಕೊಳ ತಾನಾಗಿ ಇದ್ದಿದ್ದಲ್ಲ. ಮೊನೆ 1883ರಲ್ಲಿ ಇಲ್ಲಿಗೆ ಬಂದಾಗ 42 ವರ್ಷ, ತನ್ನ ಇಬ್ಬರು ಗಂಡು ಮಕ್ಕಳು, ಮುಂದೆ ಅವನ ಹೆಂಡ್ತಿಯಾದ ಆಲಿಸ್ ಓಶ್ಡೆ ಮತ್ತೆ ಅವಳ ಆರು ಮಕ್ಕಳು (ಬ್ಲಾಂಶ್ ಅವರಲ್ಲೊಬ್ಬಳು), ಕೈಯಲ್ಲಿ ಕಾಸಿಲ್ಲ, ಬಾಡಿಗೆ ಮನೆ. 1890ರಲ್ಲಿ ಚಿತ್ರ ಮಾರಾಟ ಆಗೋಕೆ ಶುರುವಾದ್ಮೇಲೆ ಮನೆ ಕೊಂಡ. 1893ರಲ್ಲಿ ಹಳಿ ಆಚೆಗೆ ಜೌಗು ಜಾಗ ತಗೊಂಡು, ಎಪ್ಟ್ ಹೊಳೆಯ ಕವಲಿಂದ ನೀರು ತಿರುಗಿಸಿ ಕೊಳ ಮಾಡ್ತೀನಿ ಅಂದಾಗ ಊರೋರು ಬಿಡ್ಲಿಲ್ಲ. ಇವನೆಲ್ಲಿಂದಲೋ ಪರದೇಶದ ಗಿಡ ತಂದು ಹಾಕ್ತಾನೆ, ನೀರು ವಿಷ ಆಗುತ್ತೆ, ಕೆಳಗಿನವರ ಬಟ್ಟೆ ಒಗೆಯೋದು ದನ ಕುಡಿಯೋದು ಹೇಗೆ ಅಂತ. ರೈತರ ಮಾತಲ್ಲೂ ಅರ್ಥ ಇತ್ತು ಅನ್ಸುತ್ತೆ ನನಗೆ, ಕಾಲುವೆ ಕೆಳಗಿನ ಜಮೀನಿನೋರಿಗೆ ಮೇಲಿನವನ ಮೇಲೆ ಯಾವಾಗ್ಲೂ ಅನುಮಾನ ಇದ್ದೇ ಇರುತ್ತೆ. ಮೊನೆ ಸಿಟ್ಟು ಮಾಡ್ಕೊಂಡು, ಅರ್ಜಿ ಮೇಲೆ ಅರ್ಜಿ ಹಾಕಿ, ಕೊನೆಗೆ ಪರ್ಮಿಷನ್ ತಗೊಂಡ. ಆ ಪರದೇಶದ ಗಿಡ ಅಂದ್ರೆ ಇವೇ ಬಣ್ಣದ ನೈದಿಲೆಗಳು. ಯೂರೋಪಿನಲ್ಲಿ ಸಹಜವಾಗಿ ಬೆಳೀತಿದ್ದಿದ್ದು ಬಿಳಿ ಮಾತ್ರ, ಲಾತೂರ್-ಮರ್ಲಿಯಾಕ್ ಅನ್ನೋ ಫ್ರೆಂಚ್ ನರ್ಸರಿಯವನು ತಳಿ ಬೆರೆಸಿ ಹಳದಿ, ಗುಲಾಬಿ ಬಣ್ಣದ್ದು ಮಾಡಿ 1889ರ ಪ್ಯಾರಿಸ್ ಎಕ್ಸಿಬಿಷನ್‌ನಲ್ಲಿ ಇಟ್ಟಿದ್ದ. ಐಫೆಲ್ ಟವರ್ ಕಟ್ಟಿದ್ದೂ ಅದೇ ಎಕ್ಸಿಬಿಷನ್‌ಗೆ. ಜನ ಟವರ್ ನೋಡ್ಕೊಂಡು ಹೋದ್ರು, ಮೊನೆಗೆ ನೈದಿಲೆ ಕಣ್ಣಿಗೆ ಬಿತ್ತು.

ಮನೆ ಬಗ್ಗೆ ಜಾಸ್ತಿ ಹೇಳಲ್ಲ, ನಿಮ್ಮ ಲೇಖನದಲ್ಲೇ ಬಂದಿದೆ. ಊಟದ ಕೋಣೆ ಪೂರ್ತಿ ಹಳದಿ, ಅಡುಗೆಮನೆ ನೀಲಿ ಟೈಲ್ಸ್. ಗೋಡೆ ಮೇಲಿರೋ ಜಪಾನಿ ಮರದಚ್ಚಿನ ಚಿತ್ರಗಳನ್ನ ಮಾತ್ರ ನಿಂತು ನೋಡಿ, ಅವು ಮೊನೆಯೇ ಕೂಡಿಟ್ಟ ಸಂಗ್ರಹ, ಇನ್ನೂರಕ್ಕೂ ಮೇಲಿವೆ, ಆ ಕಮಾನು ಸೇತುವೆ ಐಡಿಯಾ ಎಲ್ಲಿಂದ ಬಂತು ಅಂತ ಅಲ್ಲೇ ಗೊತ್ತಾಗುತ್ತೆ. ಜನ ಅದನ್ನ ಬಿಟ್ಟು ಮಲಗೋ ಕೋಣೆಯಲ್ಲಿರೋ, ಸೆಜಾನ್ ಅನ್ನೋ ಇನ್ನೊಬ್ಬ ಚಿತ್ರಕಾರನ ಚಿತ್ರದ ನಕಲಿನ ಮುಂದೆ ಗುಂಪು ಕಟ್ತಾರೆ.

ಅದೇ ಬೀದಿಯಲ್ಲಿ ನಡ್ಕೊಂಡು ಹೋದ್ರೆ ಇಂಪ್ರೆಷನಿಸಂ (ಮೊನೆ ಮತ್ತೆ ಅವನ ಗೆಳೆಯರ ಚಿತ್ರಶೈಲಿಯ ಹೆಸರು) ಮ್ಯೂಸಿಯಂ ಇದೆ. ಮೊದಲು 1992ರಲ್ಲಿ ಅಮೆರಿಕನ್ ಕಲಾ ಮ್ಯೂಸಿಯಂ ಅಂತ ಶುರುವಾಗಿದ್ದು, 2009ರಿಂದ ಈಗಿನ ಹೆಸರು. ಅಮೆರಿಕನ್ನರಿಗೂ ಈ ಹಳ್ಳಿಗೂ ಏನು ಸಂಬಂಧ ಅಂದ್ರೆ, ಮೊನೆ ಇದ್ದಾನೆ ಅಂತ ಗೊತ್ತಾದ್ಮೇಲೆ 1887ರ ಸುಮಾರಿಗೆ ಅಲ್ಲಿಯ ಎಳೆ ಚಿತ್ರಕಾರರು ದಂಡು ದಂಡಾಗಿ ಬಂದು ಬೋದಿ ಅನ್ನೋ ಹೋಟೆಲಲ್ಲಿ ಬಿಡಾರ ಹೂಡಿದ್ರು. ಮೊನೆಗೆ ಇವರ ಕಾಟ ಅಷ್ಟಾಗಿ ಇಷ್ಟ ಇರ್ಲಿಲ್ಲ, ಆದ್ರೂ ಅವರಲ್ಲೊಬ್ಬ, ಬಟ್ಲರ್ ಅನ್ನೋನು, 1892ರಲ್ಲಿ ಮೊನೆಯ ಮಲಮಗಳನ್ನೇ ಮದುವೆ ಆದ. ಈ ಮ್ಯೂಸಿಯಂನಲ್ಲಿ ಏನು ನೋಡೋಕೆ ಸಿಗುತ್ತೆ ಅನ್ನೋದು ಆ ಹೊತ್ತಿಗೆ ಯಾವ ಪ್ರದರ್ಶನ ನಡೀತಿದೆ ಅನ್ನೋದರ ಮೇಲೆ ಹೋಗುತ್ತೆ, ಮೊದಲೇ ನೋಡ್ಕೊಂಡು ಹೋಗಿ. ಇನ್ನೂ ಮುಂದೆ ನಡೆದ್ರೆ ಚರ್ಚು, ಅದರ ಹಿಂದೆ ಮೊನೆ ಸಮಾಧಿ. ಶವಪೆಟ್ಟಿಗೆ ಮೇಲೆ ಕಪ್ಪು ಬಟ್ಟೆ ಹೊದಿಸಿದ್ದನ್ನ ನೋಡಿ ಗೆಳೆಯ ಕ್ಲೆಮಾನ್ಸೋ, ಹಿಂದೆ ದೇಶದ ಪ್ರಧಾನಿ ಆಗಿದ್ದವನು, ಮೊನೆಗೆ ಕಪ್ಪು ಬೇಡ ಅಂತ ಅದನ್ನ ಕಿತ್ತು ಹೂವಿನ ಬಟ್ಟೆ ಹೊದಿಸಿದ ಅಂತ ಕತೆ ಹೇಳ್ತಾರೆ.

ಈಗ ಪ್ಯಾರಿಸ್. ಮಾರ್ಮೊತಾಂಗೆ ಹೋಗಿದ್ದು ಮಾರನೇ ದಿನ, ಊರಿನ ಪಡುವಣ ಅಂಚಲ್ಲಿ, ಶ್ರೀಮಂತರ ಮನೆಗಳ ಮಧ್ಯೆ ಇರೋ ಹಳೇ ಬಂಗಲೆ. ಇಂಪ್ರೆಷನಿಸಂ ಅನ್ನೋ ಹೆಸರು ಹುಟ್ಟಿದ್ದೇ ಯಾವ ಚಿತ್ರದಿಂದಲೋ, ಆ 1872ರ ‘ಇಂಪ್ರೆಷನ್, ಸನ್‌ರೈಸ್’, ಬೆಳಗಿನ ಬಂದರು, ಕಿತ್ತಳೆ ಸೂರ್ಯ, ಅದಿರೋದು ಇಲ್ಲೇ. 1985ರಲ್ಲಿ ಹಾಡುಹಗಲೇ ಪಿಸ್ತೂಲು ತೋರಿಸಿ ಅದನ್ನೂ ಇನ್ನೂ ಎಂಟು ಚಿತ್ರಗಳನ್ನೂ ಕದ್ಕೊಂಡು ಹೋಗಿದ್ರು, 1990ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಸಿಕ್ವು. ಕೆಳಗೆ ನೆಲಮಾಳಿಗೆಯಲ್ಲಿ ಒಂದು ದೊಡ್ಡ ಹಾಲು, ಮಿಶೆಲ್ ಬಿಟ್ಟುಹೋದದ್ದೆಲ್ಲ ಅಲ್ಲಿದೆ, ಮೊನೆ ಒಬ್ಬನದೇ ನೂರಕ್ಕೂ ಹೆಚ್ಚು ಕೃತಿಗಳಿರೋ ಮ್ಯೂಸಿಯಂ ಇದು, ಲೋಕದಲ್ಲಿ ಇಷ್ಟು ಇನ್ನೆಲ್ಲೂ ಇಲ್ಲ.

ಅಲ್ಲಿ ಸೇತುವೆ ಚಿತ್ರಗಳ ಮುಂದೆ ಬಂದು ನಿಂತೆ. 1918ರಿಂದ 24ರ ಒಳಗಿನವು. ಹಿಂದಿನ ದಿನ ಬೆಳಿಗ್ಗೆ ಅದೇ ಸೇತುವೆ ಮೇಲೆ ನಿಂತಿದ್ದೀನಿ, ಹಸಿರು ಬಣ್ಣ, ಕೆಳಗೆ ನೀಲಿ ನೀರು. ಇಲ್ಲಿ ನೋಡಿದ್ರೆ ಕೆಂಪು, ಕಂದು, ಬೆಂಕಿ ಹತ್ತಿದ ಹಾಗೆ, ಸೇತುವೆ ಎಲ್ಲಿದೆ ಅಂತ ಹುಡುಕಬೇಕು. ಮಗಳು ಅಂದ್ಲು, ಮೊನೆಗೂ ಪೊರೆ ಇತ್ತಪ್ಪಾ, 1912ರಲ್ಲೇ ಡಾಕ್ಟರ್ ಹೇಳಿದ್ರು, ಹೆದರಿಕೊಂಡು ಹನ್ನೊಂದು ವರ್ಷ ಆಪರೇಷನ್ ಮಾಡಿಸ್ಲಿಲ್ಲ, 1923ರಲ್ಲಿ ಬಲಗಣ್ಣಿಗೆ ಮಾತ್ರ ಮಾಡಿಸಿದ, ಎಡಗಣ್ಣು ಮುಟ್ಟೋಕೆ ಬಿಡ್ಲೇ ಇಲ್ಲ ಅಂತ. ಬಣ್ಣ ಗೊತ್ತಾಗದೆ ಟ್ಯೂಬಿನ ಮೇಲಿನ ಹೆಸರು ಓದ್ಕೊಂಡು, ಹಲಗೆ ಮೇಲೆ ಪ್ರತಿ ಬಣ್ಣಕ್ಕೂ ಒಂದೇ ಜಾಗ ಅಂತ ಗೊತ್ತು ಮಾಡ್ಕೊಂಡು ಬರೀತಿದ್ನಂತೆ. ಬಲಗಣ್ಣು, ಎಡಗಣ್ಣು ಬಾಕಿ. ಥೇಟ್ ನಂದೇ ಕೇಸು!

ನಾನು ಬಲಗಣ್ಣು ಕೈಯಲ್ಲಿ ಮುಚ್ಚಿ ಪೊರೆ ಇರೋ ಎಡಗಣ್ಣಲ್ಲಿ ಚಿತ್ರ ನೋಡ್ದೆ. ಆ ಕೆಂಪು ಸ್ವಲ್ಪ ಮಂಕಾಗಿ, ಅಂಚುಗಳು ಒಂದಕ್ಕೊಂದು ಕಲೆತು, ದೂರದಲ್ಲೊಂದು ಕಮಾನು ಎದ್ದು ಬಂತು, ಏನೋ ಸಂಜೆ ಹೊತ್ತಿನ ತೋಟದ ಹಾಗೆ ಸಮಾಧಾನವಾಗಿ ಕಂಡಿತು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದ್ರೆ ಮತ್ತೆ ಬೆಂಕಿ. ಹೀಗೆ ಒಂದಾದ ಮೇಲೊಂದು ಕಣ್ಣು ಮುಚ್ಚಿ ತೆಗೆದು ಮಾಡ್ತಿದ್ದೆ, ಕಾವಲಿನ ಹೆಂಗಸು ಹತ್ತಿರ ಬಂದು ಏನಾದ್ರೂ ತೊಂದರೆನಾ ಅಂತ ಫ್ರೆಂಚಲ್ಲಿ ಕೇಳಿದ್ಲು, ಮಗಳು ವಿಷಯ ಹೇಳಿದ್ಲು. ಆಕೆ ನಗಲಿಲ್ಲ, ನನ್ನ ಕೈ ಹಿಡಿದು ಒಂದು ಗಾಜಿನ ಪೆಟ್ಟಿಗೆ ಹತ್ತಿರ ಕರ್ಕೊಂಡು ಹೋದ್ಲು. ಅದರೊಳಗೆ ಮೊನೆಯ ಕನ್ನಡಕ. ಕಲಾ ವಿಮರ್ಶಕರು ಈ ಚಿತ್ರಗಳನ್ನ ಆಧುನಿಕ ಅಮೂರ್ತ ಕಲೆಗೆ ದಾರಿ ತೋರಿಸಿದವು ಅಂತಾರೆ, ಪೊರೆಯಿಂದ ಹೀಗಾಯ್ತು ಅಂದ್ರೆ ಕೆಲವರಿಗೆ ಕೋಪ ಬರುತ್ತೆ. ಎರಡೂ ಇರ್ಬಹುದು ಅಂತ ನನ್ನ ಲೆಕ್ಕ. ಕಣ್ಣು ಕೆಟ್ಟವರೆಲ್ಲ ಹಾಗೆ ಬರೆಯಕ್ಕಾಗಲ್ವಲ್ಲ.

ಒರಾಂಜರಿ ಮ್ಯೂಸಿಯಂನ ಕೊನೆಗೆ ಇಟ್ಕೊಂಡಿದ್ವಿ, ಆ ಅತಿ ದೊಡ್ಡ ನೈದಿಲೆ ಚಿತ್ರಗಳಿರೋದು ಇಲ್ಲೇ. 1918ರ ಯುದ್ಧ ನಿಂತ ಮಾರನೇ ದಿನವೇ ಮೊನೆ ಕ್ಲೆಮಾನ್ಸೋಗೆ ಕಾಗದ ಬರೆದು ದೇಶಕ್ಕೆ ಚಿತ್ರ ಕೊಡ್ತೀನಿ ಅಂದಿದ್ದು, ಆಮೇಲೆ ಸಾಯೋ ತನಕ ತಿದ್ದುತ್ತಲೇ ಇದ್ದು, ಕೈಯಿಂದ ಬಿಟ್ಟುಕೊಡ್ಲೇ ಇಲ್ಲ. ಹಾಗಾಗಿ 1927ರ ಮೇನಲ್ಲಿ ತೆರೆದಾಗ ನೋಡೋಕೆ ಅವನಿರ್ಲಿಲ್ಲ. ಮೊಟ್ಟೆ ಆಕಾರದ ಎರಡು ಕೋಣೆ, ಎಂಟು ಚಿತ್ರ, ಎರಡು ಮೀಟರ್ ಎತ್ತರ, ಎಲ್ಲ ಸೇರಿಸಿದ್ರೆ ಹತ್ತಿರ ಹತ್ತಿರ ನೂರು ಮೀಟರ್ ಉದ್ದ, ಮೇಲಿಂದ ಸೂರ್ಯನ ಬೆಳಕು. ಅರವತ್ತರ ದಶಕದಲ್ಲಿ ಯಾರೋ ಬುದ್ಧಿವಂತರು ಮೇಲೊಂದು ಮಹಡಿ ಹಾಕಿಸಿ ಆ ಬೆಳಕನ್ನೇ ಮುಚ್ಚಿಬಿಟ್ಟಿದ್ರಂತೆ, ಅದನ್ನ ಕಿತ್ತುಹಾಕಿ 2006ರಲ್ಲಿ ಮತ್ತೆ ಬೆಳಕು ಬಿಟ್ರು. ಬೆಂಚಿದೆ, ಕೂತ್ಕೊಳ್ಳಿ, ಅವಸರ ಮಾಡ್ಬೇಡಿ. ನಾವು ಕೂತಿದ್ದಾಗ ಹೊರಗೆ ಮೋಡ ಬಂದಿರ್ಬೇಕು, ಕೋಣೆಯೆಲ್ಲ ಒಂದು ಕ್ಷಣ ಮಬ್ಬಾಗಿ, ಗೋಡೆ ಮೇಲಿನ ನೀರೂ ಮಬ್ಬಾಯ್ತು. ಹೆಂಡ್ತಿ ಮೆಲ್ಲಗೆ ಆ ದೋಣಿಯವನು ಎಲ್ಲಿ ಅಂದ್ಲು. ತಮಾಷೆಗೆ ಅಂದಿದ್ದು, ಆದ್ರೂ ನಾನು ನಿಜವಾಗ್ಲೂ ಹುಡುಕಿದೆ.

ಒರ್ಸೆ ಮ್ಯೂಸಿಯಂ ಬಗ್ಗೆ ಬರೆಯಲ್ಲ, ಅದಕ್ಕೇ ಬೇರೆ ಪತ್ರ ಬೇಕು, ಕಾಲೂ ಬೇರೆ ಬೇಕು.

ನಿಮ್ಮ ಓದುಗರಲ್ಲಿ ಯಾರಾದ್ರೂ ಹೊರಟಿದ್ರೆ ಇಷ್ಟು ಹೇಳಿ. ಮಾರ್ಮೊತಾಂ ಮತ್ತೆ ಒರ್ಸೆ ಸೋಮವಾರ ರಜ, ಒರಾಂಜರಿ ಮಂಗಳವಾರ ರಜ, ಇದನ್ನ ನೋಡ್ಕೊಳ್ದೆ ಬಾಗಿಲ ತನಕ ಹೋಗಿ ವಾಪಸ್ ಬಂದವರನ್ನ ಕಣ್ಣಾರೆ ಕಂಡಿದ್ದೀನಿ. ತೋಟ ಮೊದಲು, ಚಿತ್ರ ಆಮೇಲೆ, ಇದು ನನ್ನ ಸಲಹೆ, ಉಲ್ಟಾ ಮಾಡಿದ್ರೆ ತೋಟ ಸಪ್ಪೆ ಅನ್ಸುತ್ತೆ. ಮುಂದಿನ ಭಾನುವಾರ ಪುರವಣಿಯಲ್ಲಿ ಜಾಗ ಇದ್ರೆ, ಜಿವರ್ನಿ ಮನೆಯ ಗೋಡೆ ಮೇಲಿರೋ ಮೊನೆ ಚಿತ್ರಗಳೆಲ್ಲ ನಕಲು, ಅಸಲಿ ಬೇಕಾದವರು ವೆರ್ನೋ ಮತ್ತೆ ಪ್ಯಾರಿಸ್‌ಗೆ ಹೋಗಿ ಅಂತ ಒಂದು ತಿದ್ದುಪಡಿ ಹಾಕಿ. ಚಿಕ್ಕದಾಗಿ ಹಾಕಿದ್ರೂ ಸಾಕು, ಈಗ ನನಗೆ ಎರಡೂ ಕಣ್ಣು ಚೆನ್ನಾಗಿ ಕಾಣುತ್ತೆ.

ಇಂತಿ,
ನಿಮ್ಮ ಹಳೇ ಓದುಗ